'ರಾನ್' ನೋಡಿ ನಕಡಾಯ್ ಇಷ್ಟವಾಗಿದ್ದರೆ ಮುಂದೆ ಇವನ್ನು ನೋಡಿ

ಜಪಾನಿನ ನಿರ್ದೇಶಕ ಕುರೊಸಾವಾ ಅವರ 'ರಾನ್' ಸಿನಿಮಾದ ಮುದಿ ರಾಜನ ಪಾತ್ರ ಮಾಡಿದವರು ಯಾರು, ಅವರ ಬೇರೆ ಯಾವ ಸಿನಿಮಾ ನೋಡಬೇಕು ಅಂತ ಕೇಳಿದ್ದೀರಿ. ಅವರು ತತ್ಸುಯಾ ನಕಡಾಯ್. ಹುಟ್ಟಿದ್ದು 1932, ತೀರಿಕೊಂಡಿದ್ದು 2025ರ ನವೆಂಬರ್. 'ರಾನ್' ಬಂದಾಗ, ಅಂದರೆ 1985ರಲ್ಲಿ, ಅವರಿಗಿನ್ನೂ 52 ವರ್ಷ. ಆ ಸುಕ್ಕು ಮುಖವೆಲ್ಲ ಮೇಕಪ್ಪು. ಉರಿಯುವ ಕೋಟೆಯಿಂದ ಅವರು ಮೆಟ್ಟಿಲಿಳಿದು ಬರುತ್ತಾರಲ್ಲ, ಅದು ನಿಜವಾಗಿ ಕಟ್ಟಿ ನಿಜವಾಗಿ ಸುಟ್ಟ ಸೆಟ್. ಕಾಲು ಎಡವಿದ್ದರೆ ಇನ್ನೊಂದು ಟೇಕ್ ತೆಗೆಯಲು ಕೋಟೆಯೇ ಇರುತ್ತಿರಲಿಲ್ಲ.

ಈಗ ಮೊದಲು ನಿರ್ದೇಶಕ ಕೊಬಯಾಶಿಯವರ 'ಹರಕಿರಿ' (1962) ನೋಡಿ. ಬಹಳ ಹೊತ್ತು ಅವರು ಅಂಗಳದ ನಡುವೆ ಬಿಳಿ ಹಾಸಿನ ಮೇಲೆ ಕೂತು ಕತೆ ಹೇಳುತ್ತಾರೆ, ಅಷ್ಟೇ. ಮೈ ಅಲ್ಲಾಡುವುದಿಲ್ಲ, ದನಿ ಮಾತ್ರ ಎಲ್ಲೋ ಹೊಟ್ಟೆಯೊಳಗಿಂದ ಎದ್ದು ಬರುತ್ತದೆ. ಮೊಮ್ಮಗುವನ್ನು ಆಡಿಸುವ ತಾತನ ಪಾತ್ರ ಅದು, ಅವರಿಗಾಗ 30 ಕೂಡ ತುಂಬಿರಲಿಲ್ಲ! ನಾಟಕ ಮಾಡುವವರು ಇದೊಂದನ್ನಾದರೂ ನೋಡಲೇಬೇಕು. ದಯವಿಟ್ಟು ಡಬ್ ಮಾಡಿದ್ದು ಬೇಡ, ಸಬ್‌ಟೈಟಲ್ ಹಾಕಿಕೊಂಡೇ ನೋಡಿ, ಇಲ್ಲದಿದ್ದರೆ ಆ ದನಿಯೇ ತಪ್ಪಿಹೋಗುತ್ತದೆ.

ಆ ದನಿ ಪಳಗಿದ್ದು ರಂಗದ ಮೇಲೆ. ಹೈಯುಜಾ ಅನ್ನುವ ನಾಟಕ ತಂಡದ ಶಾಲೆಯಲ್ಲಿ ಕಲಿತವರು. ಕಲಿಯುವಾಗಲೇ ಕುರೊಸಾವಾ ಅವರ 'ಸೆವೆನ್ ಸಮುರಾಯ್' ಸಿನಿಮಾದಲ್ಲಿ ಕೆಲವೇ ಸೆಕೆಂಡು ಸುಮ್ನೆ ನಡೆದು ಹೋಗುವ ಪಾತ್ರ ಸಿಕ್ಕಿತು. ನಡಿಗೆ ಸರಿಯಿಲ್ಲ ಅಂತ ಕುರೊಸಾವಾ ಗಂಟೆಗಟ್ಟಲೆ ನಡೆಸಿದರಂತೆ. ಆ ಕಾಲದಲ್ಲಿ ನಟರೆಲ್ಲ ಒಂದೊಂದು ಸಿನಿಮಾ ಕಂಪನಿಗೆ ಬರೆದುಕೊಟ್ಟು ದುಡಿಯುತ್ತಿದ್ದರು. ಇವರು ಯಾವ ಕಂಪನಿಗೂ ಸಹಿ ಹಾಕಲಿಲ್ಲ. ಅದಕ್ಕೇ ನಾಟಕವನ್ನೂ ಬಿಡದೆ ಕುರೊಸಾವಾ, ಕೊಬಯಾಶಿ, ಇಚಿಕಾವಾ, ನರುಸೆ ಹೀಗೆ ಬೇರೆ ಬೇರೆ ನಿರ್ದೇಶಕರ ಜೊತೆಗೂ ಕೆಲಸ ಮಾಡಲು ಆಯಿತು. ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ತೀರ್ಮಾನವೇ.

1975ರಲ್ಲಿ ಹೆಂಡತಿ ಯಾಸುಕೊ ಮಿಯಾಝಾಕಿ ಜೊತೆ ಮುಮೆಯ್‌ಜುಕು ಅಂತ ನಟನಾ ಶಾಲೆ ಶುರು ಮಾಡಿದರು. 2023ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದ ಕೋಜಿ ಯಾಕುಶೊ ಅಲ್ಲಿ ಕಲಿತವರೇ. ಜಪಾನಿನ ನೋಟೊ ಕಡೆಯ ನನಾವೊ ಊರಿನಲ್ಲಿ ಈ ಶಾಲೆಯ ತಂಡದ ನಂಟಿನಿಂದ ಎದ್ದ ರಂಗಮಂದಿರವೂ ಇದೆ. ಅದರ ರಂಗದ ಹಿಂಗೋಡೆ ತೆರೆದರೆ ಹೊರಗಿನ ಬಯಲೂ ನಾಟಕದೊಳಗೆ ಬಂದುಬಿಡುತ್ತದೆ.

'ಹರಕಿರಿ' ಆದಮೇಲೆ 'ಯೊಜಿಂಬೊ' (1961), ಅದರಲ್ಲಿ ಪಿಸ್ತೂಲು ಹಿಡಿದ ಖಳ ಇವರೇ. ಆಮೇಲೆ 'ಹೈ ಆಂಡ್ ಲೋ' (1963), ಅದರಲ್ಲಿ ಶಾಂತ ಸ್ವಭಾವದ ಪೊಲೀಸ್ ಅಧಿಕಾರಿ. ಎರಡನ್ನೂ ಬೆನ್ನುಬೆನ್ನಿಗೆ ನೋಡಿದರೆ ಒಬ್ಬರೇ ಅಂತ ನಂಬುವುದು ಕಷ್ಟ. 'ದಿ ಹ್ಯೂಮನ್ ಕಂಡಿಷನ್' ಮೂರು ಭಾಗ ಸೇರಿ 9 ಗಂಟೆಗಿಂತ ಜಾಸ್ತಿ ಇದೆ, ಅದನ್ನು ವಾರಕ್ಕೊಂದು ಭಾಗದಂತೆ ನೋಡಿ.