ಜೆಲ್ಲೂ ಬೇಡ, ನೀರೂ ಬೇಡ, ಬರೀ ಗಾಳಿ ಸಾಕಾ?

ಪ್ರಶ್ನೆ: ಸರ್, ವಸ್ತುವಿನ ಒಳಗಿನ ದೋಷ ಹುಡುಕೋ ಅಲ್ಟ್ರಾಸೌಂಡ್ ಟೆಸ್ಟ್ ಅಂದ್ರೆ ಪ್ರೋಬ್‌ಗೆ (ಅಲೆ ಕಳಿಸೋ, ಹಿಡಿಯೋ ಸಾಧನ) ಜೆಲ್ ಹಚ್ಚಿ ಒತ್ಬೇಕು, ಇಲ್ಲಾ ಪೀಸನ್ನ ನೀರಲ್ಲಿ ಮುಳುಗಿಸ್ಬೇಕು ಅಂತ ಕಲ್ತಿದ್ವಿ. ಈಗ ಏನೂ ಮುಟ್ಟಿಸ್ದೆ ಗಾಳೀಲೇ ಮಾಡ್ತಾರಂತೆ, ನಿಜಾನಾ?

ಉತ್ತರ: ನಿಜಾನೇ. ಆದ್ರೆ ಆಗಲ್ಲ ಅಂದೋರೂ ಸುಮ್ನೆ ಹೇಳಿದ್ದಲ್ಲ. ಗಾಳಿಗೂ ಸ್ಟೀಲ್‌ಗೂ ಅಕೌಸ್ಟಿಕ್ ಇಂಪೀಡೆನ್ಸ್‌ನಲ್ಲಿ, ಅಂದ್ರೆ ಶಬ್ದದ ಅಲೆಗೆ ವಸ್ತು ಒಡ್ಡೋ ತಡೆಯಲ್ಲಿ, ಲಕ್ಷ ಪಟ್ಟು ವ್ಯತ್ಯಾಸ, ಹಾಗಾಗಿ ಅಲೆ ಬಂದು ಬಡಿದ್ರೆ ಬಹುಪಾಲು ಹಾಗೇ ವಾಪಸ್, ಒಳಗೆ ಹೋಗಿದ್ದು ಆ ಕಡೆಯಿಂದ ಹೊರಗೆ ಬರೋವಾಗ ಮತ್ತೊಂದ್ಸಲ ಅದೇ ಕಥೆ, ಕೊನೆಗೆ ಆ ಕಡೆ ಇರೋ ರಿಸೀವರ್ ಪ್ರೋಬ್‌ಗೆ ಸಿಗೋದು ನೂರು ಕೋಟಿ ಪಾಲಲ್ಲಿ ಒಂದೋ ಎರಡೋ ಪಾಲು ಶಕ್ತಿ. ಅದಕ್ಕೇ ಸ್ಟೀಲ್‌ಗೆ ಇದನ್ನ ನಾನಂತೂ ಹೇಳಲ್ಲ, ಜೆಲ್ಲೇ ಸರಿ. ಕಾರ್ಬನ್ ಫೈಬರ್ ಕಾಂಪೊಸಿಟ್, ಹನಿಕೋಂಬ್ (ಒಳಗೆ ಜೇನುಗೂಡಿನ ಥರ ಟೊಳ್ಳಿರೋ) ಪ್ಯಾನೆಲ್, ಮರ, ಫೋಮ್ ಇಂಥವಕ್ಕೆ ಮಾತ್ರ ಭೇಷಾಗಿ ಒಗ್ಗುತ್ತೆ, ನಷ್ಟ ಕಮ್ಮಿ, ಜೊತೆಗೆ ಫೋಮು ಮರ ಎಲ್ಲ ನೀರು ಕುಡಿದು ಹಾಳಾಗೋ ಭಯಾನೂ ಇರಲ್ಲ. ಪ್ರೋಬ್‌ನ ಮುಖಕ್ಕೆ ಕಾಲು ತರಂಗಾಂತರ ದಪ್ಪದ ಹಗುರ ಪದರ ಅಂಟಿಸಿ ಗಾಳಿಗೆ ಹೊಂದಿಸ್ತಾರೆ, ಫ್ರೀಕ್ವೆನ್ಸೀನೂ ಸಾಮಾನ್ಯವಾಗಿ 50 ಕಿಲೋಹರ್ಟ್ಜ್‌ನಿಂದ 1 ಮೆಗಾಹರ್ಟ್ಜ್ ಒಳಗೇ ಇಟ್ಕೋತಾರೆ, ಅದಕ್ಕಿಂತ ಮೇಲೆ ಹೋದ್ರೆ ಗಾಳಿಯೇ ಅಲೆಯನ್ನ ನುಂಗಿಬಿಡುತ್ತೆ.

ಮಜಾ ಏನಂದ್ರೆ ನಮಗೆ ಕಾಟ ಕೊಡೋ ಆ ಗಾಳಿಯೇ ದೋಷ ಹಿಡ್ಕೊಡೋದೂ. ಪೀಸಿನ ಒಳಗೆ ಪದರ ಬಿಟ್ಕೊಂಡಿದ್ರೆ ಆ ಸಂದೀಲೂ ಗಾಳಿ ತಾನೆ? ಕೂದಲೆಳೆಗಿಂತ ತೆಳು ಸಂದಿಯಾದ್ರೂ ಸಿಗ್ನಲ್ ಅಲ್ಲೇ ಬಿದ್ದೋಗುತ್ತೆ. ಅಲೆ ಹೋಗೋ ದಿಕ್ಕಿಗೇ ನೆಟ್ಟಗೆ ನಿಂತಿರೋ ಸಣ್ಣ ಬಿರುಕಾದ್ರೆ ಮಾತ್ರ ತಪ್ಪಿಸ್ಕೊಳ್ಳುತ್ತೆ, ಅದನ್ನ ನೆನಪಿಟ್ಕೊಳ್ಳಿ.

ಪ್ರಶ್ನೆ: ಪದರ ಬಿಟ್ಟಿರೋ ಚಿಕ್ಕ ಸ್ಯಾಂಪಲನ್ನ ಎರಡು ಪ್ರೋಬ್ ಮಧ್ಯ ಹಿಡಿದ್ರೂ ಸಿಗ್ನಲ್ ಚೆನ್ನಾಗೇ ಬರ್ತಿದೆ. ಎಲ್ಲಿ ತಪ್ಪಿದೆ?

ಉತ್ತರ: ಅದು ಸ್ಯಾಂಪಲ್ ಒಳಗಿಂದ ಬಂದಿದ್ದೇ ಅಲ್ಲ ಅನ್ಸುತ್ತೆ, ಅಂಚಿನ ಪಕ್ಕದಿಂದ ಸುತ್ತಿ ಬಂದಿರೋದು. ಎಲ್ಲರೂ ಒಂದ್ಸಲ ಬೀಳೋ ಹಳ್ಳ ಇದು, ನಾನೂ ಬಿದ್ದಿದೀನಿ, ಅರ್ಧ ದಿನ ಖುಷಿಯಾಗಿ ರೀಡಿಂಗ್ ಬರ್ಕೊಂಡಿದ್ದೆ! ಟೈಮ್ ನೋಡಿ, ಗೊತ್ತಾಗುತ್ತೆ. ಪ್ರೋಬ್‌ಗಳ ಮಧ್ಯ 100 ಮಿಲಿಮೀಟರ್ ಇದ್ರೆ ಬರೀ ಗಾಳೀಲಿ ಬರೋಕೆ ಸುಮಾರು 292 ಮೈಕ್ರೋಸೆಕೆಂಡ್ ಬೇಕು, ಮಧ್ಯ 10 ಮಿಲಿಮೀಟರ್ ಪ್ಲಾಸ್ಟಿಕ್ ಇಟ್ರೆ ಅದರೊಳಗೆ ಅಲೆ ಸೆಕೆಂಡಿಗೆ 2500 ಮೀಟರ್ ಆಸುಪಾಸಲ್ಲಿ ಓಡೋದ್ರಿಂದ 266ಕ್ಕೇ ಬಂದ್ಬಿಡುತ್ತೆ. ಬೇಗ ಬಂದಿದ್ದು ಅಸಲಿ, 292 ದಾಟಿ ಬಂದಿದ್ದು ಸುತ್ತು ಹಾಕಿದ್ದು. ಗೇಟ್ (ಯಾವ ಹೊತ್ತಿನ ಸಿಗ್ನಲ್ ಅಳೀಬೇಕು ಅನ್ನೋ ಸೆಟ್ಟಿಂಗ್) ಮೊದಲ್ನೇದಕ್ಕೆ ಇಡಿ, ಸ್ಯಾಂಪಲ್ ಸುತ್ತ ದಪ್ಪ ಫೋಮ್‌ಗೆ ಕಿಂಡಿ ಕೊರೆದು ಅಡ್ಡ ಕಟ್ಟಿ.

ಪ್ರಶ್ನೆ: ಹಿಂದುಗಡೆ ಕೈ ಹೋಗದ ಜಾಗ ಆದ್ರೆ?

ಉತ್ತರ: ಎರಡೂ ಪ್ರೋಬನ್ನ ಒಂದೇ ಕಡೆ ಓರೆಯಾಗಿಟ್ಟು ಪ್ಲೇಟ್ ಉದ್ದಕ್ಕೂ ಲ್ಯಾಂಬ್ ಅಲೆ (ತೆಳು ಪ್ಲೇಟಿನ ಒಳಗೇ ಸಾಗೋ ಅಲೆ) ಓಡಿಸ್ಬೋದು. ಕೋನ ಪಕ್ಕಾ ಇರ್ಬೇಕು, ಒಂದೆರಡು ಡಿಗ್ರಿ ಆಚೀಚೆ ಆದ್ರೂ ಸಿಗ್ನಲ್ ನಾಪತ್ತೆ, ಮತ್ತೆ ನೇರವಾಗಿ ಬರೋ ಸದ್ದಿಗೆ ಪ್ರೋಬ್‌ಗಳ ನಡುವೆ ಒಂದು ತಡೆ ನಿಲ್ಲಿಸೋದು ಮರೀಬೇಡಿ.