ಅಜ್ಜನ ದೀಕ್ಷಾಸ್ನಾನದ ದಾಖಲೆ ಮುಂಬಯಿಯಲ್ಲಿ ಸಿಗದಿದ್ದರೆ

ಅದು ಬಹುಶಃ ಮುಂಬಯಿಯಲ್ಲಿ ಇಲ್ಲವೇ ಇಲ್ಲ. 1950ರ ಸುಮಾರಿಗೆ ಮಂಗಳೂರಿನಿಂದ ಬಂದ ಅಜ್ಜನ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಇಲ್ಲಿನ ಕನ್ನಡ ಸಭೆಯ, ಅಂದರೆ ಚರ್ಚಿನ, ಪುಸ್ತಕದಲ್ಲಿ ಸಿಗುತ್ತಿಲ್ಲ ಅಂದಿರಿ. ಕೆಲಸಕ್ಕೆ ಬಂದವರ ದೀಕ್ಷಾಸ್ನಾನ ಊರಲ್ಲೇ ಆಗಿರುತ್ತದೆ ಅಲ್ವಾ? ಇಲ್ಲಿ ಸಿಗುವುದು ಮದುವೆ, ಮಕ್ಕಳ ದೀಕ್ಷಾಸ್ನಾನ, ಅಷ್ಟೇ.

ಮೊದಲು ನಿಮ್ಮ ತಂದೆಯ ದೀಕ್ಷಾಸ್ನಾನದ ನಮೂದು ತೆಗೆಸಿ. ಷರಾ ಕಾಲಂ ಬಿಡಬೇಡಿ. ಹೆತ್ತವರ ಊರಿನ ಸಭೆಯ ಹೆಸರು ಕೆಲವೊಮ್ಮೆ ಅಲ್ಲೇ ಸಣ್ಣ ಅಕ್ಷರದಲ್ಲಿ ತುರುಕಿರುತ್ತದೆ. ಆಮೇಲೆ ಆ ಸಭೆಯ ಪಾಲಕರಿಗೆ (ಪಾದ್ರಿಗೆ) ಪತ್ರ ಬರೆಯಿರಿ: ಅಜ್ಜನ ಹೆಸರು, ಅವರ ಅಪ್ಪನ ಹೆಸರು, ಅಂದಾಜು ವರ್ಷ. ಫೋನಲ್ಲಿ ಕೇಳಿದರೆ 'ನೋಡೋಣ' ಅಂತಾರೆ, ಸುಮ್ನೆ ಕಾಲ ಹೋಗುತ್ತದೆ.

ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ 1834ರಲ್ಲೇ ಮಂಗಳೂರಿಗೆ ಬಂದದ್ದು, ಹಾಗಾಗಿ ಹಳೆಯ ಕಾಗದ ಜಾಸ್ತಿ. ಸಭೆಯಲ್ಲಿ ಪುಸ್ತಕ ಇಲ್ಲದಿದ್ದರೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ವಿಚಾರಿಸಿ.

ಮುಂಬಯಿಯ ಮದುವೆ ದಾಖಲೆಯೂ ಬೇಕಿದ್ದರೆ ಇನ್ನೊಂದು ತೊಡಕಿದೆ. 1970ರಲ್ಲಿ ಆಂಗ್ಲಿಕನ್ ಮುಂತಾದ ಸಭೆಗಳು ಕೂಡಿ ಸಿಎನ್‌ಐ (ಚರ್ಚ್ ಆಫ್ ನಾರ್ತ್ ಇಂಡಿಯಾ) ಆದವು. ಅದಕ್ಕಿಂತ ಹಿಂದಿನ ಪುಸ್ತಕ ಹಳೆಯ ಮಿಶನ್ ಹೆಸರಿನಲ್ಲೇ ಇರಬಹುದು. ಚರ್ಚಿನ ಕಚೇರಿಯಲ್ಲಿ ಆ ಹೆಸರು ಹೇಳಿಯೇ ಕೇಳಿ.