ಮೂವತ್ತೊಂದು ವರ್ಷದ ಅಕೌಂಟ್

ಜಾಹೀರಾತು ಏಜೆನ್ಸಿಗಳ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿದ್ದೇನೆ. ಎಲ್ಲವೂ ಒಂದೇ ಸಂಗತಿಯ ಸುತ್ತ ಇವೆ: ಜೊತೆಗಿದ್ದವರು ಬೇರೆಯಾಗುವುದು. ಬೆಂಗಳೂರಿನ ಏಜೆನ್ಸಿಗಳಲ್ಲಿ 22 ವರ್ಷ ಕ್ಲೈಂಟ್ ಸರ್ವಿಸಿಂಗ್, ಅಂದರೆ ಗಿರಾಕಿಗಳನ್ನು ನೋಡಿಕೊಳ್ಳುವ ಕೆಲಸ, ಮಾಡಿದವಳು ನಾನು. ಅದರಲ್ಲಿ 11 ವರ್ಷ ಕಳೆದದ್ದು ಬೈಕುಗಳ ನಡುವೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಬೇಸರ ಮಾಡ್ಕೋಬೇಡಿ.

ಪ್ರಶ್ನೆ: ಅಮೆರಿಕದ ಬೈಕ್ ಕಂಪನಿ ಹಾರ್ಲೆ-ಡೇವಿಡ್‌ಸನ್ ಮತ್ತು ಅದರ ಜಾಹೀರಾತು ಏಜೆನ್ಸಿ ಕಾರ್ಮೈಕಲ್ ಲಿಂಚ್ 31 ವರ್ಷ ಜೊತೆಗಿದ್ದು 2010ರಲ್ಲಿ ಬೇರೆಯಾದವು ಎಂದು ನಮ್ಮ ಮೇಡಂ ಪಾಠದಲ್ಲಿ ಹೇಳಿದರು. ಅಕೌಂಟ್, ಅಂದರೆ ಆ ಗಿರಾಕಿಯ ಜಾಹೀರಾತು ಕೆಲಸ, ಬಿಟ್ಟದ್ದು ಏಜೆನ್ಸಿಯೇ ಅಂತೆ. ಅಷ್ಟು ದೊಡ್ಡ ಗಿರಾಕಿಯನ್ನು ಯಾರಾದರೂ ತಾವಾಗಿ ಬಿಡುತ್ತಾರಾ?
— ಎಂಬಿಎ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬಿಡುತ್ತಾರೆ. ಅಪರೂಪಕ್ಕೆ ಬಿಡುತ್ತಾರೆ. ಹಾಗೆ ಬಿಡುವಾಗ ಎಷ್ಟು ರಾತ್ರಿ ನಿದ್ದೆ ಕೆಡುತ್ತದೆ ಎಂದು ನನಗೆ ಗೊತ್ತು.

ಮೊದಲು ಅವರು ಜೊತೆಯಾದ ಕಾಲವನ್ನು ನೋಡಿ. ಅದು 1979. ಹಾರ್ಲೆ ಆಗ ಎಎಂಎಫ್ ಎಂಬ ದೊಡ್ಡ ಕಂಪನಿಯ ಕೈಯಲ್ಲಿತ್ತು. 1969ರಲ್ಲಿ ಕೊಂಡವರು ಅವರೇ. ಗಾಡಿಗಳ ಗುಣಮಟ್ಟ ಬಿದ್ದುಹೋಗಿತ್ತು. ಹಾರ್ಲೆ ನಿಂತ ಕಡೆ ಎಣ್ಣೆ ಸೋರುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಜಪಾನಿನ ದೊಡ್ಡ ಬೈಕುಗಳು ಅಮೆರಿಕದ ಮಾರುಕಟ್ಟೆಯನ್ನು ತುಂಬುತ್ತಿದ್ದವು. ಅಂಥ ಹೊತ್ತಿನಲ್ಲಿ ಮಿನಿಯಾಪೊಲಿಸ್‌ನ ಈ ಏಜೆನ್ಸಿ ಮಿಲ್ವಾಕಿಯ ಈ ಕಂಪನಿಯ ಕೆಲಸ ಹಿಡಿಯಿತು. ಗೆದ್ದವರ ಪಕ್ಕದಲ್ಲಿ ನಿಲ್ಲುವುದು ಸುಲಭ. ಇವರು ಸೋಲುತ್ತಿದ್ದವರ ಪಕ್ಕದಲ್ಲಿ ನಿಂತರು.

1981ರಲ್ಲಿ ಹಾರ್ಲೆಯ 13 ಮಂದಿ ಅಧಿಕಾರಿಗಳು ಸೇರಿ, ಸಾಲ ಎತ್ತಿ, ಕಂಪನಿಯನ್ನು ಎಎಂಎಫ್‌ನಿಂದ ಬಿಡಿಸಿಕೊಂಡರು. 1983ರಲ್ಲಿ ಅಲ್ಲಿನ ಸರ್ಕಾರ ಹೊರಗಿನಿಂದ ಬರುವ 700 ಸಿಸಿ ಮೇಲಿನ ಬೈಕುಗಳ ಸುಂಕವನ್ನು ಏಕಾಏಕಿ ಏರಿಸಿತು. ಅದೇ ವರ್ಷ ಮಾಲೀಕರ ಸಂಘ ಹುಟ್ಟಿತು, ಹಾಗ್ ಅಂತಾರೆ ಅದನ್ನು. 1984ರಲ್ಲಿ ಎವಲ್ಯೂಷನ್ ಎಂಜಿನ್ ಬಂತು, ಎಣ್ಣೆ ಸೋರುವ ಮಾತು ಹಿಂದೆ ಬಿತ್ತು. ಇಷ್ಟನ್ನೂ ಈ ಏಜೆನ್ಸಿ ಒಳಗಿನಿಂದ ನೋಡಿದೆ. ಒಂದು ಗಾಡಿಯ ಹೆಸರನ್ನು ಜನ ತೋಳಿನ ಮೇಲೆ ಹಚ್ಚೆ ಹಾಕಿಸಿಕೊಳ್ಳುವ ಮಟ್ಟಕ್ಕೆ ಬಂತಲ್ಲ, ಅದರಲ್ಲಿ ಎಂಜಿನಿಯರುಗಳ ಬೆವರಿದೆ, ಸವಾರರ ಪ್ರೀತಿಯಿದೆ, ಆ ಜಾಹೀರಾತುಗಳ ಪಾಲೂ ಇದೆ.

ಇನ್ನು 2010ಕ್ಕೆ ಬರೋಣ. 2006ರಲ್ಲಿ ಹಾರ್ಲೆ ಸುಮಾರು 3.49 ಲಕ್ಷ ಗಾಡಿಗಳನ್ನು ಡೀಲರುಗಳಿಗೆ ಕಳಿಸಿತ್ತು. 2008ರ ಹಣಕಾಸು ಕುಸಿತ ಬಂತು. 2010ರ ಹೊತ್ತಿಗೆ ಆ ಸಂಖ್ಯೆ ಸುಮಾರು 2.10 ಲಕ್ಷಕ್ಕೆ ಇಳಿದಿತ್ತು. ಹಳೇ ಸವಾರರಿಗೆ ವಯಸ್ಸಾಗುತ್ತಿತ್ತು. ಯುವಕರು, ಹೆಂಗಸರು, ಬಿಳಿಯರಲ್ಲದವರು ಷೋರೂಮಿಗೆ ಬರಬೇಕು ಎಂಬ ಒತ್ತಡ ಜೋರಾಗಿತ್ತು. 2009ರಲ್ಲಿ ಕೀತ್ ವಾಂಡೆಲ್ ಎಂಬ ಹೊಸ ಸಿಇಒ ಹೊರಗಿನಿಂದ ಬಂದರು. ಅದೇ ವರ್ಷ ಹಾರ್ಲೆಯದ್ದೇ ಆದ ಬ್ಯುಯೆಲ್ ಎಂಬ ಬೈಕುಗಳನ್ನು ನಿಲ್ಲಿಸಿದರು. ಎರಡು ವರ್ಷದ ಹಿಂದಷ್ಟೇ ಕೊಂಡಿದ್ದ ಇಟಲಿಯ ಬೈಕ್ ಕಂಪನಿ ಎಂವಿ ಅಗುಸ್ಟಾವನ್ನು 2010ರಲ್ಲಿ ಮಾರಿದರು. ಮನೆಯ ಪ್ರತಿ ಕೋಣೆಯನ್ನೂ ತಡಕಿ ನೋಡುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಏಜೆನ್ಸಿಯ ಕೋಣೆಯನ್ನು ಮಾತ್ರ ಯಾರೂ ಮುಟ್ಟದೆ ಇರುತ್ತಾರಾ?

ಕಂಪನಿ ಒಂದೇ ಏಜೆನ್ಸಿಯನ್ನು ನೆಚ್ಚುವ ಹಳೇ ಪದ್ಧತಿ ಬಿಟ್ಟು, ಹಲವರಿಂದ ಕೆಲಸ ಮಾಡಿಸುವ ದಾರಿಗೆ ಹೊರಳಿತು. ಕಾರ್ಮೈಕಲ್ ಲಿಂಚ್ ಅಕೌಂಟ್ ವಾಪಸ್ ಕೊಟ್ಟಿತು. ನನ್ನನ್ನು ಕೇಳಿದರೆ ಇಬ್ಬರ ನಿರ್ಧಾರವೂ ಸರಿ. ಮಾರಾಟ ಇಷ್ಟು ಕುಸಿದಾಗ ಹೊಸ ಕಣ್ಣು ಬೇಕು ಅನ್ನಿಸುವುದು ಸಹಜ. ಇತ್ತ, ಮನೆ ಕಟ್ಟಿದ ಮೇಸ್ತ್ರಿಗೆ ಇನ್ನು ಕಿಟಕಿಗೆ ಬಣ್ಣ ಬಳಿ ಸಾಕು ಅಂದರೆ ಅವನಿಗೆ ಕೆಲಸದ ಮೇಲೆ ಮನಸ್ಸು ನಿಲ್ಲುವುದಿಲ್ಲ.

ಇನ್ನೊಂದು ಲೆಕ್ಕವೂ ಇರುತ್ತದೆ. ಒಂದು ಬೈಕಿನ ಕೆಲಸ ಮಾಡುವ ಏಜೆನ್ಸಿ ಸಾಮಾನ್ಯವಾಗಿ ಇನ್ನೊಂದು ಬೈಕಿನ ಕೆಲಸ ಹಿಡಿಯುವಂತಿಲ್ಲ. ಕಾನ್‌ಫ್ಲಿಕ್ಟ್ ಅಂತೀವಿ ಇದನ್ನು. ಅರ್ಧ ಅಕೌಂಟ್ ಇಟ್ಟುಕೊಂಡರೆ ಕೈ ಪೂರ್ತಿ ಕಟ್ಟಿರುತ್ತದೆ, ಆದಾಯ ಮಾತ್ರ ಅರ್ಧ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಇದನ್ನು ಮರೆಯದೆ ಬರೆಯಿರಿ.

ಪ್ರಶ್ನೆ: ಆಮೇಲೆ ಹಾರ್ಲೆ ಜಾಹೀರಾತನ್ನು ಜನರಿಂದಲೇ ಮಾಡಿಸಿತಂತೆ. ಹಾಗಾದರೆ ಏಜೆನ್ಸಿಯೇ ಬೇಡ ಅಂತಾಯಿತಲ್ಲ? ನನ್ನ ಮಗಳು ಕಾಪಿರೈಟರ್, ಜಾಹೀರಾತಿನ ಸಾಲು ಬರೆಯುವವಳು. ಅದಕ್ಕೇ ಕೇಳುತ್ತಿದ್ದೇನೆ.
— ನಿವೃತ್ತ ಬ್ಯಾಂಕ್ ನೌಕರರು, ತುಮಕೂರು

ಉತ್ತರ: ಮಗಳ ಬಗ್ಗೆ ನಿಮಗಿರುವ ಕಾಳಜಿ ಅರ್ಥವಾಗುತ್ತದೆ ಸರ್. ನಡೆದದ್ದು ಹೀಗೆ. ಕೊಲರಾಡೊದ ಬೌಲ್ಡರ್‌ನಲ್ಲಿ ವಿಕ್ಟರ್ಸ್ ಅಂಡ್ ಸ್ಪಾಯ್ಲ್ಸ್ ಎಂಬ ಏಜೆನ್ಸಿ 2009ರಲ್ಲಿ ಶುರುವಾಗಿತ್ತು. ಊರೂರಲ್ಲಿರುವ ಜನರಿಗೆ ಬ್ರೀಫ್ (ಎಂಥ ಜಾಹೀರಾತು ಬೇಕೆಂಬ ವಿವರ) ಕಳಿಸುವುದು, ಬಂದ ಐಡಿಯಾಗಳಲ್ಲಿ ಒಳ್ಳೆಯದನ್ನು ಆರಿಸುವುದು ಅವರ ಪದ್ಧತಿಯಾಗಿತ್ತು. ಹಾರ್ಲೆ ಅವರ ಹತ್ತಿರ ಹೋಯಿತು. 2011ರ ಫೆಬ್ರವರಿಯಲ್ಲಿ ಮೊದಲ ಜಾಹೀರಾತು ಬಂತು. ಹೆಸರು 'ನೋ ಕೇಜಸ್', ಅಂದರೆ ಪಂಜರ ಬೇಡ. ಅದರ ಮೂಲ ಐಡಿಯಾ ಕೊಟ್ಟವರು ಕೆಂಟಕಿಯ ಒಬ್ಬ ಅಭಿಮಾನಿ.

ಅಮೆರಿಕದ ಬೈಕ್ ಸವಾರರು ತಮ್ಮ ನಡುವೆ ಕಾರನ್ನು ಕೇಜ್ ಅಂತ ಕರೆಯುತ್ತಾರೆ. ನಾಲ್ಕು ಬಾಗಿಲು ಹಾಕಿಕೊಂಡು ಒಳಗೆ ಕೂತವರು ಪಂಜರದಲ್ಲಿದ್ದಾರೆ ಎಂದು ಅರ್ಥ. ಜಾಹೀರಾತು ಆ ಮಾತನ್ನೇ ಎತ್ತಿ ಚಿತ್ರವಾಗಿ ತೋರಿಸಿತು. ನನಗೆ ಅದು ಇಷ್ಟವಾಯಿತು. ರಸ್ತೆಯಲ್ಲಿ ಹುಟ್ಟಿದ ಮಾತದು.

ಆದರೆ ಐಡಿಯಾ ಅನ್ನುವುದು ಕೆಲಸದ ಒಂದು ಪಾಲು. ಬಂದ ರಾಶಿಯಲ್ಲಿ ಯಾವುದು ಬ್ರ್ಯಾಂಡಿಗೆ ಹೊಂದುತ್ತದೆ ಎಂದು ಆರಿಸಲು ತಿಳಿದವರು ಬೇಕು. ಅದನ್ನು ತಿದ್ದಬೇಕು, ಚಿತ್ರೀಕರಿಸಬೇಕು, ಡೀಲರುಗಳಿಗೆ ಒಪ್ಪಿಸಬೇಕು, ಮುಂದಿನ ವರ್ಷ ಅದೇ ದಾರಿಯಲ್ಲಿ ಮುಂದುವರಿಸಬೇಕು. ವಿಕ್ಟರ್ಸ್ ಅಂಡ್ ಸ್ಪಾಯ್ಲ್ಸ್‌ನಲ್ಲೂ ಈ ಕೆಲಸಕ್ಕೆ ಅನುಭವಿಗಳು ಇದ್ದರು. 2012ರಲ್ಲಿ ಹವಾಸ್ ಎಂಬ ಫ್ರಾನ್ಸಿನ ದೊಡ್ಡ ಜಾಹೀರಾತು ಗುಂಪು ಅವರ ಕಂಪನಿಯಲ್ಲಿ ಹೆಚ್ಚಿನ ಪಾಲು ಕೊಂಡಿತು.

ನಿಮ್ಮ ಮಗಳಿಗೆ ಒಂದು ಮಾತು ಹೇಳಿ. ಬೈಕಿನ ಕಾಪಿ ಬರೆಯುವುದಾದರೆ ಗ್ಯಾರೇಜಿನಲ್ಲಿ ಒಂದು ವಾರ ಕೂತು ಬರಲಿ. ನಮ್ಮ ಮೆಕ್ಯಾನಿಕ್‌ಗಳು "ಗಾಡಿ ಎಳೆಯಲ್ಲ", "ಪಿಕಪ್ ಸತ್ತಿದೆ" ಅಂತಾರಲ್ಲ, ಆ ಮಾತು ಯಾವ ರಿಸರ್ಚ್ ವರದಿಯಲ್ಲೂ ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಮೈಸೂರಿನ ಜಾವಾಕ್ಕೆ ಈಗಿನ ಹಾಗೆ ದೊಡ್ಡ ಜಾಹೀರಾತು ಇರಲಿಲ್ಲ. ಆದರೂ ಜನ ಇನ್ನೂ ಬಿಟ್ಟಿಲ್ಲ. ಏಕೆ?
— ಜಾವಾ ಮಾಲೀಕರು, ಮೈಸೂರು

ಉತ್ತರ: ಐಡಿಯಲ್ ಜಾವಾ 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನಲ್ಲೇ ಗಾಡಿ ಮಾಡಿತು. 'ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ' ಎಂಬ ಸಾಲು ಇತ್ತಲ್ಲ, ಅದನ್ನು ನಿಜ ಮಾಡಿದವರು ನಿಮ್ಮಂಥವರು. ಕಾರ್ಖಾನೆ ಮುಚ್ಚಿದ ಮೇಲೂ ಬಿಡಿಭಾಗ ಹುಡುಕಿ, ಎರಡು ಸೈಲೆನ್ಸರ್ ಉಜ್ಜಿ, ಜುಲೈ ಎರಡನೇ ಭಾನುವಾರ ಜಾವಾ ದಿನ ಎಂದು ರಸ್ತೆಗೆ ಇಳಿಸುತ್ತೀರಿ. ಹೇಳಿಕೊಡಲು ಏಜೆನ್ಸಿಯೂ ಇರಲಿಲ್ಲ, ಕಂಪನಿಯೂ ಇರಲಿಲ್ಲ. ನಮ್ಮ ಅಪ್ಪನ ಹತ್ತಿರ ಅದೇ ಕಾರ್ಖಾನೆಯ ಕೆಂಪು ಯೆಜ್ಡಿ ಇತ್ತು. ಅದರ ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುತ್ತಿತ್ತು. ಅದನ್ನು ಅಪ್ಪ ಮನೆಗೆ ಬಂದ ಪ್ರತಿಯೊಬ್ಬರಿಗೂ ತೋರಿಸುತ್ತಿದ್ದರು. ನಾನು ಕಂಡ ಮೊದಲ ಬೈಕ್ ಜಾಹೀರಾತು ಅದು.

ಪ್ರಶ್ನೆ: ಏಜೆನ್ಸಿ ಬಿಟ್ಟ ಮೇಲೆ ಹಳೇ ಜಾಹೀರಾತು ಯಾರದ್ದು?
— ಗ್ರಾಫಿಕ್ ಡಿಸೈನರ್, ಬೆಂಗಳೂರು

ಉತ್ತರ: ಮೊದಲು ಒಪ್ಪಂದ ನೋಡಿ. ಅದರಲ್ಲಿ ಏನೂ ಇಲ್ಲದಿದ್ದರೆ 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮು ನೋಡಬೇಕು. ದುಡ್ಡು ಕೊಟ್ಟು ತೆಗೆಸಿದ ಫೋಟೋ ಮತ್ತು ಫಿಲ್ಮ್ ತೆಗೆಸಿದವರದ್ದು. ಬರೆದ ಸಾಲುಗಳಿಗೆ ಆ ನಿಯಮ ತಾನಾಗಿ ಅನ್ವಯಿಸುವುದಿಲ್ಲ. ಅವನ್ನು ಕ್ಲೈಂಟಿಗೆ ಬರವಣಿಗೆಯಲ್ಲಿ ವರ್ಗಾಯಿಸಬೇಕು. ವರ್ಗಾವಣೆ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದೇ ಲೆಕ್ಕ. ಬಹಳ ಜನ ಈ ಒಂದು ಪುಟ ಬರೆಸಿಕೊಳ್ಳದೆ ಆಮೇಲೆ ಪೇಚಾಡುತ್ತಾರೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಸಣ್ಣ ಏಜೆನ್ಸಿ ನಡೆಸುತ್ತೇನೆ. ಒಂಬತ್ತು ವರ್ಷದಿಂದ ಒಬ್ಬ ಬೈಕ್ ಡೀಲರ್ ನನ್ನ ಮುಖ್ಯ ಗಿರಾಕಿ. ಅವರ ಕೆಲಸ ಬೇರೆಯವರಿಗೆ ಹೋಗಿದೆ ಎಂದು ಹೋರ್ಡಿಂಗ್ ಹಾಕುವ ಹುಡುಗನಿಂದ ತಿಳಿಯಿತು. ನನ್ನ ಆದಾಯದ ಅರ್ಧ ಅದೇ. ಬಾಕಿಯೂ ಇದೆ. ಹೋಗಿ ಜಗಳ ಆಡಲೋ, ಸುಮ್ನೆ ಇರಲೋ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಹಾಗೇ ಕೂತೆ. ನನಗೂ ಹೀಗೇ ಆಗಿತ್ತು.

ಒಂದು ದ್ವಿಚಕ್ರ ವಾಹನ ಕಂಪನಿಯ ಕೆಲಸವನ್ನು ನಮ್ಮ ತಂಡ 11 ವರ್ಷ ಮಾಡಿತ್ತು. ಯಾವ ಜಿಲ್ಲೆಯಲ್ಲಿ ಆಯುಧಪೂಜೆಗೆ ಗಾಡಿ ಜಾಸ್ತಿ ಹೋಗುತ್ತದೆ, ಎಲ್ಲಿ ಯುಗಾದಿಗೆ, ಹಾಲಿನ ಕ್ಯಾನ್ ಕಟ್ಟುವವರಿಗೆ ಹಿಂದಿನ ಕ್ಯಾರಿಯರ್ ಎಷ್ಟು ಗಟ್ಟಿ ಬೇಕು, ಎಲ್ಲವೂ ನಮಗೆ ಬಾಯಿಪಾಠ. ಒಂದು ಮಧ್ಯಾಹ್ನ ನಮ್ಮ ಹಳೇ ಫೋಟೋಗ್ರಾಫರ್ ಫೋನ್ ಮಾಡಿದರು. "ಮೇಡಂ, ನಿಮ್ಮ ಗಾಡಿ ಶೂಟಿಂಗ್ ಪಕ್ಕದ ಸ್ಟುಡಿಯೋದಲ್ಲಿ ನಡೀತಿದೆ. ನಿಮ್ಮೋರು ಯಾರೂ ಕಾಣ್ತಿಲ್ವಲ್ಲ?" ನಮಗೆ ತಿಳಿದದ್ದು ಹಾಗೆ. ಪತ್ರ ಬಂದದ್ದು ಮೂರು ವಾರ ಆದ ಮೇಲೆ. ಎರಡು ತಿಂಗಳಲ್ಲಿ ಆರು ಜನರ ಕೆಲಸ ಹೋಯಿತು. ಅವರಲ್ಲಿ ಒಬ್ಬರು ಫೋಟೋದಲ್ಲಿ ಬೈಕಿನ ಕ್ರೋಮ್ ಹೊಳಪು ತಿದ್ದುವುದರಲ್ಲಿ ಎತ್ತಿದ ಕೈ. ಅವರಿಗೆ ಸುದ್ದಿ ಹೇಳಬೇಕಾದವಳು ನಾನು. ಅಕೌಂಟ್ ಹೋದ ನೋವು ಹೇಗೋ ಮಾಸಿತು. ನಮಗೆ ಮೊದಲು ಹೇಳಲಿಲ್ಲ ಎನ್ನುವುದು ಮಾತ್ರ ಈಗಲೂ ಚುಚ್ಚುತ್ತದೆ. ಬಿಡುವ ಹಕ್ಕು ಕ್ಲೈಂಟಿಗೆ ಖಂಡಿತ ಇದೆ. ಎದುರು ಕೂತು ಹೇಳುವ ಕರ್ತವ್ಯವೂ ಇದೆ. ಹಾರ್ಲೆಯ ಕಥೆ ಓದಿದಾಗ ನನ್ನ ಗಮನ ಹೋದದ್ದೂ ಅಲ್ಲಿಗೇ. 31 ವರ್ಷ ದುಡಿದವರು ತಾವೇ ಎದ್ದು, ನಾವು ಬಿಡುತ್ತೇವೆ ಎಂದು ಹೇಳಿ ಹೊರಟರು.

ಆ ಅವಕಾಶ ನಿಮಗೆ ಇನ್ನೂ ಇದೆ. ಫೋನ್ ಬೇಡ, ವಾಟ್ಸ್ಆ್ಯಪ್ ಬೇಡ. ಷೋರೂಮಿಗೆ ಹೋಗಿ, ಬೆಳಗ್ಗೆ ಗಿರಾಕಿಗಳು ಬರುವ ಮೊದಲು. "ನನಗೆ ಹೊರಗಿನಿಂದ ತಿಳಿಯಿತು, ನೋವಾಯಿತು" ಎಂದು ನೇರ ಹೇಳಿ. ಜಗಳ ಬೇಡ. ಕೊನೆಯ ದಿನಾಂಕವನ್ನು ಅವರ ಬಾಯಿಂದ ಹೇಳಿಸಿ, ಅಂದೇ ಸಂಜೆ ಅದನ್ನು ಮೇಲ್‌ನಲ್ಲಿ ಬರೆದು ಕಳಿಸಿ.

ಆಮೇಲೆ ದುಡ್ಡಿನ ವಿಷಯ. ಇಲ್ಲಿ ಮುಲಾಜು ಬೇಡ. ಪತ್ರಿಕೆಗಳಿಗೆ ನೀವು ರಿಲೀಸ್ ಆರ್ಡರ್ (ಜಾಹೀರಾತು ಹಾಕಿ ಎಂಬ ಆದೇಶ ಪತ್ರ) ಕೊಟ್ಟಿದ್ದರೆ, ಡೀಲರ್ ಕೊಡಲಿ ಬಿಡಲಿ, ಪತ್ರಿಕೆ ಕೇಳುವುದು ನಿಮ್ಮನ್ನೇ. ಬಿಲ್ ಮೇಲಿನ ಜಿಎಸ್‌ಟಿಯನ್ನೂ ನೀವು ಕಟ್ಟಿಯಾಗಿರುತ್ತದೆ. ಹಾಗಾಗಿ ಹಳೇ ಬಾಕಿ ಬರುವವರೆಗೆ ಹೊಸ ರಿಲೀಸ್ ಮಾಡಬೇಡಿ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ನಿಮಗೆ ಮೊದಲೇ ಇದ್ದರೆ 2006ರ ಎಂಎಸ್‌ಎಂಇ ಕಾಯ್ದೆ ನಿಮ್ಮ ಕಡೆಗಿದೆ. ಅದರ ಪ್ರಕಾರ ಸಣ್ಣ ಉದ್ಯಮದ ಬಿಲ್ಲಿಗೆ ಹೆಚ್ಚೆಂದರೆ 45 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೇಳಬಹುದು. ಸರ್ಕಾರದ ಎಂಎಸ್‌ಎಂಇ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಅಲ್ಲಿಗೆ ಹೋಗುವ ಮೊದಲು ಕಾಯ್ದೆಯ ಹೆಸರು ಹಾಕಿ ಒಂದು ಮರ್ಯಾದೆಯ ಪತ್ರ ಬರೆಯಿರಿ. ಎಷ್ಟೋ ಬಾರಿ ಅದರಲ್ಲೇ ಕೆಲಸ ಆಗುತ್ತದೆ.

ಆರ್ಟ್‌ವರ್ಕ್ ಫೈಲುಗಳನ್ನು ಬಾಕಿ ಬರುವವರೆಗೆ ಹಿಡಿದಿಟ್ಟುಕೊಳ್ಳುವ ಯೋಚನೆ ಬರಬಹುದು. ನನಗೂ ಬಂದಿತ್ತು, ಮಾಡಲಿಲ್ಲ. ಬಾಕಿ ವಸೂಲಿಗೆ ಬೇರೆ ದಾರಿ ಇದೆ. ಫೈಲ್ ತಡೆದರೆ ಊರಿನ ಬೇರೆ ಗಿರಾಕಿಗಳಿಗೆ ಆ ಸುದ್ದಿ ಬೇಗ ಮುಟ್ಟುತ್ತದೆ. ಒಂದು ಹಾರ್ಡ್ ಡಿಸ್ಕಿಗೆ ವರ್ಷವಾರು ಹಾಕಿ, ಕೊಟ್ಟದ್ದಕ್ಕೆ ಸಹಿ ತೆಗೆದುಕೊಳ್ಳಿ. ನಿಮ್ಮ ಹತ್ತಿರ ಒಂದು ಪ್ರತಿ ಇರಲಿ.

ಇನ್ನೊಂದು ಸಂಗತಿ. ಒಂಬತ್ತು ವರ್ಷ ನೀವು ಬೇರೆ ಬ್ರ್ಯಾಂಡಿನ ಡೀಲರ್ ಕಡೆ ತಿರುಗಿ ನೋಡುವಂತಿರಲಿಲ್ಲ. ಈಗ ಆ ಕಟ್ಟು ಇಲ್ಲ. ಧಾರವಾಡ, ಗದಗ, ಹಾವೇರಿ ಕಡೆಯ ಸವಾರರು ಏನು ಕೇಳುತ್ತಾರೆ, ಯಾವ ಹಬ್ಬಕ್ಕೆ ಬುಕ್ ಮಾಡುತ್ತಾರೆ ಎಂದು ನಿಮ್ಮಷ್ಟು ಬಲ್ಲವರು ಹುಬ್ಬಳ್ಳಿಯಲ್ಲಿ ಎಷ್ಟು ಮಂದಿ ಇದ್ದಾರೆ? ಹಳೇ ಗಿರಾಕಿಯ ದರ, ಗುಟ್ಟು ಯಾವುದನ್ನೂ ಹೊಸಬರ ಮುಂದೆ ಬಿಚ್ಚಬೇಡಿ. ನಿಮ್ಮ ಕೆಲಸವನ್ನಷ್ಟೇ ತೋರಿಸಿ. ಆಯುಧಪೂಜೆಗೆ ಇನ್ನೂ ಎರಡು ತಿಂಗಳಿದೆ. ಡೀಲರುಗಳು ಹಬ್ಬದ ಬಜೆಟ್ ಮಾಡುವುದು ಈಗಲೇ. ಷೋರೂಮಿಗೆ ಹೋಗಿ ಬಂದ ಮರುದಿನವೇ ಮೊದಲ ಫೋನ್ ಮಾಡಿ.